ಗೇಟು ಬಿದ್ದಾಗ

ದಿನವಿಡೀ ನನ್ನ ಬಾಯಲ್ಲಿ ನಾಲ್ಕೇ ಮಾತು:
ಗದ್ದ ಇಳಿಸಿ. ಭುಜ ಸರಿ ಮಾಡಿ.
ಇಲ್ಲಿ ನೋಡಿ. ಕಣ್ಣು ಮಿಟುಕಿಸಬೇಡಿ.
ಎಂಟು ಪಾಸ್‌ಪೋರ್ಟ್ ಸೈಜಿಗೆ ಅರವತ್ತು ರೂಪಾಯಿ.
ನೀಲಿ ಪರದೆಯ ಮುಂದೆ ಕೂತ ದಾವಣಗೆರೆಯೆಲ್ಲ
ಒಂದೇ ಮುಖ ಹೊತ್ತು ಎದ್ದು ಹೋಗುತ್ತದೆ.

ಸಂಜೆ ಐದಕ್ಕೆ ಶಟರು ಅರ್ಧ ಎಳೆದು
ಅಶೋಕ ರಸ್ತೆಯ ರೈಲ್ವೆ ಗೇಟಿಗೆ ಬರುತ್ತೇನೆ.
ಗೇಟು ಬಿದ್ದರೆ ಊರು ನಿಲ್ಲುತ್ತದೆ,
ನಿಲ್ಲುವುದು ಹೇಗೆಂದು ಯಾರೂ ಹೇಳಿಕೊಡದೆ.
ಬೈಕಿನವನು ಕೀಲಿಕೈಯಲ್ಲಿ ಕಿವಿ ಕೆರೆಯುತ್ತಾನೆ.
ಸ್ಕೂಟಿಯ ಕನ್ನಡಿಯಲ್ಲಿ ಹುಡುಗಿಯೊಬ್ಬಳು
ನಿನ್ನೆಯ ಮೊಡವೆ ಅಳೆಯುತ್ತಾಳೆ.
ಆಟೋದವನು ಹ್ಯಾಂಡಲ್ ಮೇಲೆ ತಲೆಯಿಟ್ಟು
ಎರಡು ನಿಮಿಷದ ಕೈಗಡ ನಿದ್ದೆ ಮಾಡುತ್ತಾನೆ.

ಇಪ್ಪತ್ತೆರಡು ವರ್ಷವಾಯ್ತು.
ಹೆಚ್ಚಿನವು ಹಾಳು: ಯಾರದೋ ಮೊಣಕೈ,
ಅಲುಗಿದ ಎಮ್ಮೆ, ತಲೆಯಿಲ್ಲದ ಬಾಳೆಹಣ್ಣಿನವಳು.
ಯಾಶಿಕಾ ಕಾಲದಲ್ಲಿ, ಮುಚ್ಚಳ ತೆಗೆಯದೆ
ಇಡೀ ರೋಲು ಮುಗಿಸಿದ್ದೂ ಉಂಟು.
ಮೂವತ್ತಾರು ಕತ್ತಲೆ.
ತೊಳೆದು ಒಣಗಿಸಿದೆ.

ಅದೃಷ್ಟವೂ ಒಂದು ಗಿರಾಕಿ.
ನಾವು ಅಂಗಡಿ ತೆರೆದು ಕೂತಿರಬೇಕು, ಅಷ್ಟೆ.
ಬಂದರೆ ಬಂತು.
ಐನೂರಕ್ಕೆ ಚಿಲ್ಲರೆ ಕೇಳಿ
ಇಲ್ಲವೆಂದರೆ ಹೋಗಿಯೇಬಿಡುತ್ತದೆ.

ಆವತ್ತು ಮಂಗಳವಾರ. ಉದ್ದನೆಯ ಗೂಡ್ಸು ದಾಟಿತ್ತು.
ನಾನು ಗುರಿಯಿಟ್ಟಿದ್ದು ಒಂದು ಮೇಕೆಗೆ:
ಗೋಡೆಯ ಮೇಲಿನ ಕೋಚಿಂಗ್ ಪೋಸ್ಟರಿನಲ್ಲಿ
ಮೊದಲ ರ‍್ಯಾಂಕಿನ ಹುಡುಗನ ಕಿವಿ ತಿನ್ನುತ್ತಿತ್ತು.
ಹಿಂದಿನಿಂದ ಯಾರೋ ನುಗ್ಗಿದರು.
ಬೆರಳು ಒತ್ತಿತು, ಕಣ್ಣು ಇನ್ನೂ ಮೇಕೆಯಲ್ಲೇ.

ರಾತ್ರಿ ಕಂಪ್ಯೂಟರಿನಲ್ಲಿ ತೆರೆದರೆ
ಏಳುತ್ತಿರುವ ಗೇಟಿನ ಕೊಕ್ಕೆಗೆ
ಮಂಡಕ್ಕಿ ಚೀಲವೊಂದು ಸಿಕ್ಕಿಕೊಂಡು,
ಆಳೆತ್ತರ, ಇನ್ನೂ ಒಂದಾಳೆತ್ತರ ಹೋಗಿ,
ಹೊಲಿಗೆ ಬಿಚ್ಚಿ ಸುರಿಯುತ್ತಿದೆ.
ಒಂದು ಕಾಳೂ ಇನ್ನೂ ನೆಲ ಮುಟ್ಟಿಲ್ಲ.
ಆಟೋದವನು ಎಚ್ಚರವಾಗಿದ್ದಾನೆ.
ಪೊಲೀಸಪ್ಪ ಟೋಪಿ ಕಳಚಿ ಅಂಗಾತ ಹಿಡಿದಿದ್ದಾನೆ.
ಮೊಡವೆಯ ಹುಡುಗಿಯ ಬಾಯಿ ಆಕಾಶಕ್ಕೆ.
ಮೂಲೆಯಲ್ಲಿ ಮೇಕೆಯ ಬಾಲ ಮಾತ್ರ.
ನಡುವೆ, ತಳ್ಳುಗಾಡಿಯ ಮೂಕಿ ಬಿಟ್ಟು
ಕತ್ತು ಹಿಂದಕ್ಕೆ ಚೆಲ್ಲಿ ನಗುತ್ತಿರುವವನು.
ಕಣ್ಣು ಪೂರ್ತಿ ಮುಚ್ಚಿವೆ;
ಸ್ಟುಡಿಯೋದಲ್ಲಾಗಿದ್ದರೆ ಅಳಿಸಿ
ಇನ್ನೊಂದು ತೆಗೆಯುತ್ತಿದ್ದೆ.

ಮೈಸೂರಿನ ಸ್ಪರ್ಧೆಗೆಂದು ದೊಡ್ಡ ಪ್ರಿಂಟು ಹಾಕಿಸಿದೆ.

ಅಷ್ಟರಲ್ಲಿ ಅವನೇ ಬಂದ. ಲೇಬರ್ ಕಾರ್ಡಿಗೆ ಫೋಟೋ.
ಹೆಸರು ಜಬೀವುಲ್ಲಾ. ಬಾಷಾ ನಗರದ ಭಟ್ಟಿಯಿಂದ
ಚೀಲ ಸಾಗಿಸುವವನು.
ನನಗೆ ತಡೆಯಲಾಗಲಿಲ್ಲ, ತೋರಿಸಿದೆ.
"ಇದು ನಾನಲ್ಲ ಸಾರ್. ನಾನು ಹಿಂಗೆ ನಗಲ್ಲ."
ಆಮೇಲೆ ಬನಿಯನ್ನಿನ ತೂತು ಗುರುತಿಸಿದ.
ಹಿಂದೆ ತಿರುಗಿ ಬಾಗಿಲು ನೋಡಿದ.

"ಚೀಲದ ರೊಕ್ಕ ಕೂಲಿಯಾಗೆ ಹಿಡಿದ್ರು.
ಮಾಲಕರ ಮುಂದೆ ಅತ್ತೆ ಅಂತ ಅರ್ಧ ಬಿಟ್ರು.
ಇದು ನೋಡಿದ್ರೆ ಇನ್ನರ್ಧನೂ ಹಿಡೀತಾರೆ."

ಅತ್ತಿದ್ದು ಸುಳ್ಳಾ, ಅಂದೆ.

"ಇಲ್ಲ, ಅದೂ ಖರೇನೇ.
ಇದು ಮೊದ್ಲು ಬಂತು, ಅಷ್ಟೆ."

ಸ್ಟೂಲಿನ ಮೇಲೆ ಕೂತ.
ನಾನು ಹೇಳುವ ಮೊದಲೇ ಗದ್ದ ಇಳಿಸಿದ.
ಎಂಟು ಪ್ರತಿ ಕತ್ತರಿಸಿ ಕವರಿಗೆ ಹಾಕಿದೆ,
ಎಂಟರಲ್ಲೂ ಕಣ್ಣು ತೆರೆದೇ ಇದ್ದವು.

ಸ್ಪರ್ಧೆಯ ಕೊನೆಯ ದಿನ ಕಳೆಯಿತು.
ಪ್ರಿಂಟು ಕೌಂಟರಿನ ಕೆಳಗೆ,
ಯಾರೂ ಒಯ್ಯದ ಮದುವೆ ಆಲ್ಬಮ್ಮುಗಳ ನಡುವೆ ಇದೆ.

ಗೇಟು ಬಿದ್ದ ದಿನ ಒಮ್ಮೊಮ್ಮೆ
ಗಾಡಿಗಳ ಸಾಲು ನನ್ನ ಮೆಟ್ಟಿಲವರೆಗೂ ಬರುತ್ತದೆ.
ಸಾಲಿನಲ್ಲಿ ಅವನಿದ್ದರೆ
ಚೀಲಗಳ ಮರೆಯಿಂದ ಕೇಳುತ್ತಾನೆ:
"ಐತಾ?"
"ಐತಿ."
ತೋರಿಸು ಅನ್ನುವುದಿಲ್ಲ.
ಹಗ್ಗ ಇನ್ನೊಂದು ಸುತ್ತು ಬಿಗಿದು
ಮುಂದಿನ ಬಸ್ಸಿನ ಹಿಂದೆ ಗಾಡಿ ತಳ್ಳುತ್ತಾನೆ.